ರೈತರಿಗೆ ಹೇಳುವವರಿಗೆ ಮೊದಲು ಕಲಿಸಿ

ಹವಾಮಾನ ಬದಲಾವಣೆ ಬಗ್ಗೆ ರೈತರಿಗೆ ತಿಳಿಸಬೇಕು ಅಂತ ಎಲ್ಲ ವೇದಿಕೆಗಳಲ್ಲೂ ಕೇಳುತ್ತೇವೆ. ತಿಳಿಸಬೇಕಾದವರಿಗೆ ಕಲಿಸುತ್ತಿರುವವರು ಯಾರು, ಹೇಗೆ ಕಲಿಸುತ್ತಿದ್ದಾರೆ?

ಕೃಷಿ ಸಿಬ್ಬಂದಿಯ ಒಂದು ತರಬೇತಿಯಲ್ಲಿ ನಾನೂ ಕೂತಿದ್ದೆ. ಕರಗುವ ಹಿಮ, ಏರುವ ಸಮುದ್ರ, ಇಂಗಾಲದ ಗ್ರಾಫ್. ಎಲ್ಲ ನಿಜವೇ. ಆದರೆ ಅಲ್ಲಿದ್ದವರಿಗೆ ಮರುದಿನ ಎದುರಾಗುವ ಪ್ರಶ್ನೆ ಬೇರೆ: "ಸಾರ್, ಆರಿದ್ರೆ ಮಳೆ ಕೈಕೊಡ್ತು. ರಾಗಿ ಹಾಕ್ಲಾ, ಬೇಡ್ವಾ?" ಇದಕ್ಕೆ ಉತ್ತರ ಹುಡುಕುವ ಅಭ್ಯಾಸ ಆ ತರಬೇತಿಯಲ್ಲಿ ಇರಲೇ ಇಲ್ಲ.

2023ನ್ನು ನೆನಪಿಸಿಕೊಳ್ಳಿ. 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅಂಥ ವರ್ಷ ಸಲಹೆಗಾರ ಹೇಳಬೇಕಾದ್ದು ತುಂಬ ನಿರ್ದಿಷ್ಟ. ಹದ ಮಳೆ ಬೇಗ ಬಿದ್ದರೆ ಎಂಆರ್-6ರಂಥ ದೀರ್ಘಾವಧಿ ರಾಗಿ ಸರಿ. ಬಿತ್ತನೆ ಆಗಸ್ಟ್‌ಗೆ ಹೋದರೆ ಜಿಪಿಯು-48ರಂಥ, ನೂರು ದಿನದ ಆಸುಪಾಸಿನ ತಳಿ ಬೇಕು. ಆ ಬೀಜ ಹೊತ್ತಿಗೆ ಸರಿಯಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಸಿಗಬೇಕು, ಇಲ್ಲದಿದ್ದರೆ ಸಲಹೆ ಕೊಟ್ಟು ಏನು ಬಂತು?

ಇನ್ನೂ ಕಷ್ಟದ್ದು ಮುನ್ಸೂಚನೆಯನ್ನು ವಿವರಿಸುವುದು. "ಮಳೆ ಸಾಧ್ಯತೆ ಶೇ 60" ಅಂದರೆ ಕೇಳಿದವರು ಮಳೆ ಬಂದೇ ಬರುತ್ತದೆ ಅಂದುಕೊಳ್ಳುತ್ತಾರೆ. ಬರದಿದ್ದರೆ ಮುಂದಿನ ಸಲ ನಂಬುವುದಿಲ್ಲ. "ಹತ್ತು ಸಲದಲ್ಲಿ ಆರು ಸಲ ಬರಬಹುದು, ನಾಲ್ಕು ಸಲ ಬರದೇ ಇರಬಹುದು. ಬಿತ್ತಿದ್ದು ಹೋದರೆ ಇನ್ನೊಂದು ಸಲ ಬೀಜ, ಗೊಬ್ಬರಕ್ಕೆ ದುಡ್ಡಿದೆಯಾ?" ಅಂತ ಕೇಳುವುದನ್ನು ಕಲಿಸಬೇಕು. ಎದುರುಬದುರು ಕೂತು ಮಾತಾಡಿ ಅಭ್ಯಾಸ ಮಾಡಬೇಕು. ಹಾಗೆಯೇ ಪ್ರತಿ ಬರವನ್ನೂ ಹವಾಮಾನ ಬದಲಾವಣೆ ತಲೆಗೆ ಕಟ್ಟಬಾರದು. 2023ರಲ್ಲಿ ಎಲ್ ನಿನೊ ಕೂಡ ಇತ್ತು, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಎಷ್ಟೋ ಸಲ ಕುಗ್ಗಿಸುವ ವಿದ್ಯಮಾನ. ಒಂದು ವರ್ಷದ ಏರುಪೇರು ಬೇರೆ, ಮೂವತ್ತು ವರ್ಷದಲ್ಲಿ ಮಳೆಯ ರೀತಿಯೇ ಬದಲಾಗುವುದು ಬೇರೆ. ಸಲಹೆಗಾರರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಸರ್ಕಾರಿ ಸಿಬ್ಬಂದಿ ಸಬ್ಸಿಡಿ ಅರ್ಜಿ, ಬೆಳೆ ಸಮೀಕ್ಷೆಗಳಲ್ಲೇ ಮುಳುಗಿರುತ್ತಾರೆ. ಹಾಗಾಗಿ ಎಷ್ಟೋ ರೈತರು ಮೊದಲು ಕೇಳುವುದು ಗೊಬ್ಬರದ ಅಂಗಡಿಯವರನ್ನೇ, ಅಲ್ವಾ? ಅಂಗಡಿಯವರಿಗಾಗಿ ಕೃಷಿ ಸಲಹೆ ಕೊಡುವವರಿಗೆ ತರಬೇತಿ ನೀಡುವ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲೇ 'ದೇಸಿ' ಎಂಬ ಒಂದು ವರ್ಷದ ಡಿಪ್ಲೊಮಾ ಶುರು ಮಾಡಿತು. ವಾರಕ್ಕೊಂದು ದಿನ ತರಗತಿ, ನಡುವೆ ಹೊಲಗಳ ಭೇಟಿ. ಹವಾಮಾನದ ಅಪಾಯವನ್ನು ರೈತರ ಜೊತೆ ಮಾತಾಡುವ ಕಲೆಗೆ ಅಲ್ಲಿ ಜಾಸ್ತಿ ಜಾಗ ಸಿಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ವಿಷಯಕ್ಕೆ ನನಗೆ ನಿಜಕ್ಕೂ ಬೇಸರವಿದೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ 2018ರಿಂದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ತೆರೆದಿದ್ದರು. ಮಂಗಳವಾರ, ಶುಕ್ರವಾರ ಮುಂದಿನ ಐದು ದಿನದ ಹವಾಮಾನ ನೋಡಿ ಔಷಧಿ ಹೊಡೆಯಬೇಕೋ, ಕೊಯ್ಲು ತಡೆಯಬೇಕೋ ಅಂತ ನಮ್ಮ ಭಾಷೆಯಲ್ಲಿ ತಿಳಿಸುತ್ತಿದ್ದರು. 2024ರಲ್ಲಿ ಅವನ್ನು ಮುಚ್ಚಿದರು. ಆ ಕೆಲಸ ಕಲಿತಿದ್ದ ಯುವಕ ಯುವತಿಯರು ಬೀದಿಗೆ ಬಂದರು. ಹವಾಮಾನವನ್ನೂ ಬೆಳೆಯನ್ನೂ ಒಟ್ಟಿಗೆ ಬಲ್ಲವರು ನಮ್ಮಲ್ಲಿ ಇರುವುದೇ ಕಡಿಮೆ. ಇದ್ದವರನ್ನೂ ಕಳೆದುಕೊಂಡೆವು.

ಆದರೆ ನಮ್ಮ ರಾಜ್ಯದಲ್ಲಿ ಒಂದು ದೊಡ್ಡ ಅನುಕೂಲವಿದೆ. ಗ್ರಾಮ ಪಂಚಾಯತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕಗಳಿವೆ. ಲೆಕ್ಕವೆಲ್ಲ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಮುಂದಿನ ತರಬೇತಿ ಮಾಡುವವರು ಹಿಮದ ಚಿತ್ರ ಪಕ್ಕಕ್ಕಿಟ್ಟು, ಬಂದವರಿಗೆ ಅವರವರ ಪಂಚಾಯತಿಯ ಮಳೆ ಲೆಕ್ಕ ಕೊಡಲಿ. ಊರಿನ ನಾಲ್ಕು ಹಿರಿಯ ರೈತರನ್ನೂ ಕರೆಸಲಿ. ಯಾವ ಮಳೆ ತಪ್ಪುತ್ತಿದೆ, ಯಾವುದು ಒಂದೇ ದಿನಕ್ಕೆ ಸುರಿದು ಹೋಗುತ್ತಿದೆ ಅಂತ ಅವರು ಹೇಳಲಿ, ಸಿಬ್ಬಂದಿ ಲೆಕ್ಕದ ಜೊತೆ ಹೋಲಿಸಿ ನೋಡಲಿ.