ಅಟ್ಟಿಗೆ 3,189 ಕಮ್ಮಿ

ಉಡುಪಿಯವರಿಗೆ ಮಲ್ಲಿಗೆಯ ಲೆಕ್ಕ ಬಾಯಿಪಾಠ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಮದುವೆ ಸೀಸನ್ನಿನಲ್ಲಿ ಶಂಕರಪುರ ಮಲ್ಲಿಗೆ ಅಟ್ಟಿಗೆ 2,000 ರೂಪಾಯಿ ದಾಟುವುದೂ ಉಂಟು. ಹಾಗೆ ದಾಟಿದ ಒಂದು ದಿನ ಹೂವು ತರಲು ಹೋದ ನಾನು ಬರಿಗೈಯಲ್ಲಿ ವಾಪಸ್ ಬಂದೆ. ನಮ್ಮ ಫ್ಲಾಟಿನ ತಾರಸಿಯಲ್ಲೇ ಮಲ್ಲಿಗೆ ಬೆಳೆಯುವುದೆಂದು ನಿರ್ಧಾರವೂ ಆಯಿತು.

ಅಮ್ಮ ನಕ್ಕರು. ನಗಲು ಅವರಿಗೆ ಹಕ್ಕುಂಟು ಬಿಡಿ. ಕಟಪಾಡಿ ಹತ್ತಿರದ ನಮ್ಮ ಹಳೇ ಮನೆಯ ಅಂಗಳದಲ್ಲಿ ಅಬ್ಬಲಿಗೆ, ಗೊರಟೆ, ನಂದಿಬಟ್ಟಲು, ನಾಲ್ಕು ಬಣ್ಣದ ದಾಸವಾಳ ಎಲ್ಲ ಇತ್ತು. ಅರ್ಧಕ್ಕರ್ಧ ಕದ್ದದ್ದು! ಕದ್ದ ಗೆಲ್ಲು ಬೇಗ ಚಿಗುರುತ್ತದೆ ಎಂದು ಅಮ್ಮನ ನಂಬಿಕೆ. ಮದುವೆ, ಪೂಜೆ, ಬೊಜ್ಜ (ಉತ್ತರಕ್ರಿಯೆ), ಎಲ್ಲಿಗೇ ಹೋಗಲಿ, ಬರುವಾಗ ಬ್ಯಾಗಿನಿಂದ ಒಂದು ಗೆಲ್ಲು ಇಣುಕುತ್ತಿತ್ತು. ಒಮ್ಮೆ ಬೊಜ್ಜದ ಮನೆಯಲ್ಲಿ ಕಣ್ಣೊರೆಸಲು ಕರ್ಚೀಫ್ ಎಳೆದಾಗ ಜೊತೆಗೆ ದಾಸವಾಳದ ಗೆಲ್ಲೂ ಕೆಳಗೆ ಬಿತ್ತಂತೆ. ಮನೆಯವರು ಅಳು ನಿಲ್ಲಿಸಿ, "ಅದು ಬೇಡ, ಹಿತ್ತಿಲಲ್ಲಿ ಇನ್ನೂ ಒಳ್ಳೆ ಬಣ್ಣದ್ದುಂಟು" ಎಂದು ಕೊಯ್ದು ಕೊಟ್ಟರಂತೆ. ಕೊಟ್ಟು ತಂದದ್ದಲ್ವಾ, ಅದು ಮಾತ್ರ ಚಿಗುರಲಿಲ್ಲ.

ನಾನಾದರೋ ನರ್ಸರಿಯಿಂದ ಬಿಲ್ಲು ಸಮೇತ ಗಿಡ ತಂದೆ. "ಬಿಲ್ಲು ಉಂಟಾ? ಹಾಗಾದರೆ ಕಷ್ಟ" ಎಂದರು ಅಮ್ಮ.

ಮಲ್ಲಿಗೆಗೆ ನೆಲಗಡಲೆ ಹಿಂಡಿ ಒಳ್ಳೆಯದು. ನೀರಿನಲ್ಲಿ ಕೊಳೆಸಿ ಹಾಕಬೇಕು. ಒಂದು ಬಕೆಟ್ ಕೊಳೆಸಿಟ್ಟು ಮರೆತುಬಿಟ್ಟೆ. ಆರನೇ ದಿನ ಫ್ಲಾಟಿನ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ ಶುರು. ಇಲಿ ಸತ್ತಿದೆ ಎಂದರು ಒಬ್ಬರು. ಸೆಪ್ಟಿಕ್ ಟ್ಯಾಂಕ್ ಒಡೆದಿದೆ ಎಂದರು ಇನ್ನೊಬ್ಬರು. ಇಂಥವರಿಗೆ ದಂಡ ಹಾಕಬೇಕು ಎಂದರು ಕೆಳಗಿನ ಮನೆಯವರು. ಸುಮ್ನೆ ಕೂತರೆ ಅನುಮಾನ ಬರುತ್ತದಲ್ಲ, ನಾನೂ ಒಂದು ಸಿಟ್ಟಿನ ಇಮೋಜಿ ಹಾಕಿದೆ. ಟ್ಯಾಂಕ್ ನೋಡಲು ಜನ ಬಂದರು. ಖರ್ಚು ಎಲ್ಲರಿಗೂ ಹಂಚಿಕೆಯಾಯಿತು. ನನ್ನ ಪಾಲನ್ನು ಎಲ್ಲರಿಗಿಂತ ಮೊದಲು ಕೊಟ್ಟೆ.

ಅಷ್ಟೆಲ್ಲ ಆಗಿ ಒಂದು ಬೆಳಿಗ್ಗೆ ಮೊಗ್ಗು ಬಂತು. ಎಣಿಸಿದೆ. ಹನ್ನೊಂದು. ಅಜ್ಜಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದ ಹಾಗೆ ಅಮ್ಮನೂ ಕಟ್ಟಲು ಕೂತರು. ನಾರು ಸೀಳುವುದರೊಳಗೆ ಹೂವು ಮುಗಿಯಿತು. ಮುಡಿಯಲು ಸಾಲದೆ ದೇವರ ಪಟಕ್ಕೆ ಸಿಕ್ಕಿಸಿದರು. ಅದೂ ಪಟದ ಒಂದೇ ಮೂಲೆಗೆ.

ಒಂದು ದಿನ ನೋಡುವಾಗ ಗಿಡದ ಒಂದು ಗೆಲ್ಲು ಕಾಣೆ. ಯಾರೋ ಚಂದ ಮಾಡಿ ಕೊಯ್ದಿದ್ದಾರೆ. ತಿಂಗಳಾಗುವಷ್ಟರಲ್ಲಿ ಕೆಳಗಿನ ಮನೆಯ ಬಾಲ್ಕನಿಯಲ್ಲಿ ಹೊಸ ಕುಂಡ ಕಂಡಿತು. ಅದೇ, ದಂಡ ಹಾಕಬೇಕು ಎಂದವರ ಮನೆ. ಗಿಡದ ತುಂಬ ಭರ್ತಿ ಚಿಗುರು. ನನಗೆ ಉರಿದುಹೋಯಿತು. ಅಮ್ಮ ಮಾತ್ರ ಬಗ್ಗಿ ನೋಡಿ, ದನಿ ತಗ್ಗಿಸಿ ಹೇಳಿದರು:

"ಎಂತ ನೋಡ್ತಿ ಮಾರಾಯ? ರಾತ್ರಿ ಹೋಗಿ ಅದರದ್ದೊಂದು ಗೆಲ್ಲು ಮುರಿದುಕೊಂಡು ಬಾ."