ಗೆಲ್ಲದ ನಾಯಿಗೆ ಜಾಗ ಎಲ್ಲಿ?

ಗ್ರೇಹೌಂಡ್ ನಾಯಿಗಳ ರೇಸ್ ನಿಲ್ಲಬೇಕು. ಸಿಡ್ನಿಯ ವೆಂಟ್‌ವರ್ತ್ ಪಾರ್ಕ್ ರೇಸ್ ಮೈದಾನ ನೋಡಿಬಂದ ಮೇಲೆ ನನಗೆ ಈ ಬಗ್ಗೆ ಯಾವ ಅನುಮಾನವೂ ಉಳಿದಿಲ್ಲ. ಹಾಗಂತ ಅಲ್ಲಿ ಯಾರೂ ನಾಯಿಗೆ ಹೊಡೆದಿದ್ದನ್ನಾಗಲೀ ಬೈದಿದ್ದನ್ನಾಗಲೀ ನಾನು ನೋಡಲಿಲ್ಲ. ಅದನ್ನೂ ಹೇಳಲೇಬೇಕು.

ಆಫೀಸಿನವರೆಲ್ಲ ಸೇರಿ ಹೋಗಿದ್ದೆವು. ಊಟ, ಬಿಯರು, ಚಿಪ್ಸ್ ತಿನ್ನುತ್ತಾ ಓಡಾಡುವ ಮಕ್ಕಳು, ಒಟ್ಟಿನಲ್ಲಿ ಸಂತೋಷಕೂಟದ ವಾತಾವರಣ. ಎಂಟು ಪೆಟ್ಟಿಗೆಗಳಲ್ಲಿ ಎಂಟು ನಾಯಿಗಳು. ಒಂದನೇ ನಂಬರಿಗೆ ಕೆಂಪು ಅಂಗಿ, ನಾಲ್ಕಕ್ಕೆ ನೀಲಿ, ಎಂಟಕ್ಕೆ ಗುಲಾಬಿ. ಯಂತ್ರದ ಮೊಲ ಗರ್ರೆಂದು ಬಂದು ಪೆಟ್ಟಿಗೆ ದಾಟುತ್ತಿದ್ದಂತೆ ಬಾಗಿಲು ಹಾರುತ್ತದೆ. 520 ಮೀಟರ್ ಮುಗಿಯಲು ಸುಮಾರು 30 ಸೆಕೆಂಡು. ಬೆನ್ನು ಬಿಲ್ಲಿನಂತೆ ಬಾಗಿ, ನಾಲ್ಕೂ ಕಾಲು ನೆಲಬಿಟ್ಟು, ಗಂಟೆಗೆ 60 ಕಿ.ಮೀ. ಮೀರಿ ಹೋಗುವ ಆ ಪ್ರಾಣಿಯಷ್ಟು ಚಂದ ಓಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ತಿರುವಿನಲ್ಲಿ ಎಂಟೂ ಒಂದೇ ಕಡೆ ನುಗ್ಗಿದವು. ಯಾವಾಗಲೂ ಎಡಕ್ಕೇ ತಿರುಗಿ ಓಡುವುದರಿಂದ ಹೆಚ್ಚಿನ ಒತ್ತಡ ಬಲ ಹಿಂಗಾಲಿನ ಮೇಲೆ ಬೀಳುತ್ತದೆ. ರೇಸ್ ನಾಯಿಗಳಲ್ಲಿ ಆ ಕಾಲಿನ ಗಂಟಿನ ಮೂಳೆ ಮುರಿಯುವುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಒಂದು ನಾಯಿ ಕುಂಟುತ್ತಾ ಹಿಂದೆ ಉಳಿಯಿತು. ಅದನ್ನು ಒಳಗೆ ಕರೆದೊಯ್ಯುವಷ್ಟರಲ್ಲಿ ಪರದೆಯ ಮೇಲೆ ಮುಂದಿನ ರೇಸಿನ ಬಾಜಿ ದರ ಬಂದಾಗಿತ್ತು.

ಬೇಲಿಯ ಹತ್ತಿರ ವಯಸ್ಸಾದ ಟ್ರೈನರ್ ಒಬ್ಬರು ತಮ್ಮ ಹೆಣ್ಣು ನಾಯಿಯ ಕಿವಿ ಸವರುತ್ತಾ ನಿಂತಿದ್ದರು. ರೇಸ್ ಬಿಟ್ಟ ಮೇಲೆ ಇದು ಎಲ್ಲಿರುತ್ತದೆ ಎಂದು ಕೇಳಿದೆ. "ನಮ್ಮನೇಲೇ, ಸೋಫಾ ಮೇಲೆ" ಎಂದರು. ಆ ಪ್ರೀತಿ ನಿಜವಾದದ್ದು. ಇದರ ಜೊತೆ ಹುಟ್ಟಿದ ಉಳಿದ ಮರಿಗಳು? "ಎಲ್ಲವನ್ನೂ ಇಟ್ಟುಕೊಳ್ಳೋಕೆ ಆಗತ್ತಾ?"

ಆಗುವುದಿಲ್ಲ. ಇಡೀ ಉದ್ಯಮ ನಿಂತಿರುವುದೇ ಅದರ ಮೇಲೆ. ಒಂದು ವೇಗದ ನಾಯಿ ಸಿಗಬೇಕಾದರೆ ಹಲವು ಮರಿಗಳನ್ನು ಹುಟ್ಟಿಸಬೇಕು. ನಿಧಾನದ್ದನ್ನು, ಓಡಲು ಮನಸ್ಸಿಲ್ಲದ್ದನ್ನು ಸಾಕುವ ಖರ್ಚು ಯಾರಿಗೂ ಬೇಡ. 2015ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಟಿವಿ ವಾಹಿನಿ ಎಬಿಸಿಯ 'ಫೋರ್ ಕಾರ್ನರ್ಸ್' ಕಾರ್ಯಕ್ರಮ, ತರಬೇತಿಗಾಗಿ ಹಂದಿಮರಿ, ಮೊಲ, ಪಾಸಮ್ ಎಂಬ ಮರ ಹತ್ತುವ ಸಣ್ಣ ಪ್ರಾಣಿಗಳನ್ನು ಜೀವಂತ ಕಟ್ಟಿ ನಾಯಿಗಳಿಂದ ಕಚ್ಚಿಸುತ್ತಿದ್ದುದನ್ನು ಬಯಲಿಗೆ ತಂದಿತು. ಆಗ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಮೆಕ್‌ಹ್ಯೂ ವಿಚಾರಣೆ ನಡೆಸಿದರು. 12 ವರ್ಷಗಳಲ್ಲಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹುಟ್ಟಿಸಿದ ಗ್ರೇಹೌಂಡ್‌ಗಳು 97,783. ಅವುಗಳಲ್ಲಿ, ಸಾಕಷ್ಟು ವೇಗ ಇಲ್ಲವೆಂದೋ ರೇಸಿಗೆ ಆಗುವುದಿಲ್ಲವೆಂದೋ ಕೊಂದದ್ದು 48,891ರಿಂದ 68,448ರವರೆಗೆ ಎಂದು ಅವರ ವರದಿ ಅಂದಾಜಿಸಿತು. ಕಡಿಮೆ ಅಂದಾಜನ್ನೇ ಹಿಡಿದರೂ ಎರಡರಲ್ಲಿ ಒಂದು!

2016ರ ಜುಲೈನಲ್ಲಿ ರಾಜ್ಯದ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಮೈಕ್ ಬೇರ್ಡ್ ನಿಷೇಧ ಘೋಷಿಸಿದರು. ಹಳ್ಳಿಗಾಡಿನ ಸಿಟ್ಟು, ಉದ್ಯಮದ ಒತ್ತಡ, ಪತ್ರಿಕೆಗಳ ದಾಳಿ ಒಟ್ಟಾಗಿ ಬಂದವು. ಅಕ್ಟೋಬರ್‌ನಲ್ಲಿ ಹಿಂದೆ ಸರಿದರು. ಬಡ ಟ್ರೈನರ್‌ಗಳ ಜೀವನೋಪಾಯದ ಪ್ರಶ್ನೆ ಸುಳ್ಳಲ್ಲ. ಅವರಿಗೆ ಪರಿಹಾರ ಕೊಡಬೇಕಿತ್ತು. ನಿಷೇಧ ಕೈಬಿಟ್ಟದ್ದು ಮಾತ್ರ ತಪ್ಪು, ನಾಚಿಕೆಗೇಡು. ರಾಜಧಾನಿ ಕ್ಯಾನ್‌ಬೆರಾ 2018ರಲ್ಲಿ ರೇಸ್ ನಿಲ್ಲಿಸಿತು. ಅಮೆರಿಕದ ಫ್ಲಾರಿಡಾದಲ್ಲಿ ಜನರೇ ಮತ ಹಾಕಿ 2020ರ ಕೊನೆಗೆ ನಿಲ್ಲಿಸಿದರು. 2024ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಕೂಡ ಮುಚ್ಚುವ ತೀರ್ಮಾನ ಪ್ರಕಟಿಸಿತು.

ಊರಿನ ಗೆಳೆಯರು ಕಂಬಳದ ಮಾತು ತೆಗೆಯುತ್ತಾರೆ, ಗೊತ್ತು. ತೆಗೆಯಲೇಬೇಕು. ಕೋಣಕ್ಕೆ ಬೆತ್ತ ಬೀಸುವುದನ್ನು ನಾನು ಸಮರ್ಥಿಸುವುದಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್, ಕಂಬಳಕ್ಕೆ ಅವಕಾಶ ಕೊಡುವ ಕರ್ನಾಟಕದ ಕಾನೂನು ತಿದ್ದುಪಡಿಯನ್ನು ಎತ್ತಿಹಿಡಿದರೂ ಆ ಪ್ರಶ್ನೆ ಮುಗಿದಿಲ್ಲ. ಆದರೆ ಸಾವಿರಾರು ಕರು ಹುಟ್ಟಿಸಿ, ನಿಧಾನದವನ್ನು ಕೊಂದು, ಉಳಿದವನ್ನು ಗದ್ದೆಗಿಳಿಸುವ ಉದ್ಯಮ ಕಂಬಳದ ಹಿಂದಿಲ್ಲ. ಅಲ್ಲಿ ಕೇಳಬೇಕಾದದ್ದು ಹೇಗೆ ಓಡಿಸುತ್ತೀರಿ ಎಂದು. ಇಲ್ಲಿ, ಓಡದವು ಎಲ್ಲಿ ಹೋದವು ಎಂದು.

ಈಗ ರೇಸಿಗೆ ಹಣ ಬರುವುದು ಮುಖ್ಯವಾಗಿ ಬೆಟ್ಟಿಂಗ್‌ನಿಂದ. ಮೈದಾನದಲ್ಲಿ ಜನವೇ ಇಲ್ಲದಿದ್ದರೂ ಫೋನಿನಲ್ಲಿ ಬಾಜಿ ನಡೆಯುತ್ತಿರುತ್ತದೆ. ಹಾಗಾಗಿ ಆಸ್ಟ್ರೇಲಿಯಾದಲ್ಲಿರುವ ಕನ್ನಡದ ಗೆಳೆಯರಲ್ಲಿ ಒಂದು ಕೋರಿಕೆ: ತಮಾಷೆಗೆಂದು ಎರಡು ಡಾಲರ್ ಕೂಡ ಕಟ್ಟಬೇಡಿ. ಆಫೀಸಿನವರು ಕರೆದರೆ ಬರುವುದಿಲ್ಲ ಎನ್ನಿ, ಯಾಕೆಂದೂ ಹೇಳಿ. ಮನೆಯಲ್ಲಿ ಜಾಗವಿದ್ದವರು ರೇಸ್ ಬಿಟ್ಟ ಗ್ರೇಹೌಂಡ್ ಒಂದನ್ನು ದತ್ತು ತೆಗೆದುಕೊಳ್ಳಬಹುದು. ಅಷ್ಟು ವೇಗದ ನಾಯಿಗೆ ದೊಡ್ಡ ಹಿತ್ತಲು ಬೇಕೆಂದು ಹೆದರಬೇಡಿ, ದಿನದ ಬಹುಪಾಲು ಅವು ಮಲಗಿಯೇ ಇರುತ್ತವೆ.