ನಾನು ಬಟ್ಟೆ ಮಾರಲೋ, ಸರ್ಟಿಫಿಕೇಟ್ ನೋಡಲೋ?

2021ರ ಆಗಸ್ಟ್, ಕೋವಿಡ್ ಕಾಲ. ಈಗಷ್ಟೇ ಶಟರ್ ಎಳೆದು ಬಂದೆ. ತಲೆ ಬಿಸಿಯಾಗಿದೆ, ಇದನ್ನು ಬರೆಯದಿದ್ದರೆ ಊಟ ಸೇರುವುದಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯ ನಮ್ಮ ಜವಳಿ ಅಂಗಡಿ ನಿಮಗೆಲ್ಲ ಗೊತ್ತಲ್ಲ. ಸಂಜೆ ಒಬ್ಬರು ಅಜ್ಜಿ ಬಂದರು, ಅಪ್ಪನ ಕಾಲದ ಗಿರಾಕಿ. ಮೊಮ್ಮಗನಿಗೆ ಅಂಗಿ ಬೇಕಿತ್ತು. "ಅಜ್ಜಿ, ಲಸಿಕೆ ಹಾಕಿಸಿಕೊಂಡ ಕಾಗದ ಉಂಟಾ?" ಅಂತ ಕೇಳಿದೆ. ಎಲೆ ಅಡಿಕೆ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು, ಅದರೊಳಗಿಂದ ರೇಶನ್ ಕಾರ್ಡ್ ತೆಗೆದು "ಇದು ಆಗ್ತದಾ ಮಗಾ?" ಅಂದರು. ಲಸಿಕೆಗೆ ಆಸ್ಪತ್ರೆಗೆ ಹೋಗಿದ್ದರಂತೆ, ಟೋಕನ್ ಮುಗಿದಿದೆ ಅಂತ ವಾಪಸ್ ಕಳಿಸಿದರಂತೆ. ಕಡೆಗೆ ನಾನೇ ನಾಲ್ಕು ಅಂಗಿ ಹಿಡಿದುಕೊಂಡು ಹೊರಗೆ ಮೆಟ್ಟಿಲಿಗೆ ಬಂದು ತೋರಿಸಿದೆ. ಒಳಗೆ ಬಂದರೆ ಕಾನೂನು ಬಾಹಿರ, ಮೆಟ್ಟಿಲಲ್ಲಿ ನಿಂತು ಅರ್ಧ ಗಂಟೆ ಚೌಕಾಸಿ ಮಾಡಿದರೆ ಸರಿ!

2021ರ ಆಗಸ್ಟ್ 5ರಿಂದ ಕೇರಳದಲ್ಲಿ ಇದು ನಿಯಮ. ಅಂಗಡಿಗೆ ಬರುವವರು ಎರಡು ವಾರದ ಹಿಂದೆ ಒಂದು ಡೋಸಾದರೂ ಹಾಕಿಸಿಕೊಂಡಿರಬೇಕು, ಇಲ್ಲವೇ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್, ಇಲ್ಲವೇ ಕೋವಿಡ್ ಪಾಸಿಟಿವ್ ಬಂದು ಒಂದು ತಿಂಗಳು ಕಳೆದಿರಬೇಕು. 25 ಚದರ ಅಡಿಗೆ ಒಬ್ಬ ಗಿರಾಕಿ. ವಿಧಾನಸಭೆಯಲ್ಲಿ ಮಂತ್ರಿಗಳು ಹೀಗಿದ್ದರೆ ಒಳ್ಳೆಯದು ಅನ್ನುವ ಹಾಗೆ ಹೇಳಿದ್ದರು. ಆದೇಶ ಬಂದಾಗ ನೋಡಿದರೆ ಕಡ್ಡಾಯ. ಸರಿ, ಕಡ್ಡಾಯವೇ ಇರಲಿ. ಆದರೆ ನೋಡುವವರು ಯಾರು? ನಾನು. ಜಗಳ ಕೇಳುವವನು ನಾನು. ಕೇಸು ಬಿದ್ದರೆ ಬೀಳುವುದೂ ನನ್ನ ಮೇಲೆ. ಕೇರಳದ ಸಾಂಕ್ರಾಮಿಕ ರೋಗ ಕಾನೂನಿನಲ್ಲಿ 10,000 ರೂಪಾಯಿ ತನಕ ದಂಡ, ಎರಡು ವರ್ಷದ ತನಕ ಜೈಲು ಅಂತ ಬರೆದಿದೆ. ಸಂಬಳ ಮಾತ್ರ ಎಲ್ಲೂ ಬರೆದಿಲ್ಲ.

ಜುಲೈಯಲ್ಲಿ ಇನ್ನೊಂದು ಆಟ ಇತ್ತಲ್ಲ, ಟಿಪಿಆರ್ (ಪರೀಕ್ಷೆ ಮಾಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಅನ್ನುವ ಲೆಕ್ಕ) ನೋಡಿ ಊರಿಗೆ ಎ, ಬಿ, ಸಿ, ಡಿ ದರ್ಜೆ. 15 ದಾಟಿದರೆ ಡಿ, ಬಾಗಿಲು ಬಂದ್. ಪ್ರತಿ ವಾರ ಪರೀಕ್ಷೆಯ ಫಲಿತಾಂಶ ಕಾಯುವ ಮಕ್ಕಳ ಹಾಗೆ ಕೂತಿರುತ್ತಿದ್ದೆವು. ಅದು ಹೋಯಿತಲ್ಲ ಅಂತ ಖುಷಿಪಟ್ಟರೆ ಈಗ ಬಾಗಿಲು ತೆರೆದಿದೆ, ಒಳಗೆ ಬಿಡುವ ಹಾಗಿಲ್ಲ.

"ಜೀವ ಮುಖ್ಯ ಅಲ್ವಾ, ವ್ಯಾಪಾರ ಆಮೇಲೆ" ಅಂತ ಯಾರಾದರೂ ಕಮೆಂಟ್ ಹಾಕುತ್ತೀರಿ, ಗೊತ್ತು. ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪ ಹೋದದ್ದು ಇದೇ ಕಾಯಿಲೆಯಲ್ಲಿ, ನನಗೆ ಪಾಠ ಬೇಡ. ಲಸಿಕೆ ಎಲ್ಲರಿಗೂ ಸಿಕ್ಕಿದ ಮೇಲೆ ಕೇಳಿ, ನಾನೂ ಕೇಳುತ್ತೇನೆ. ಸಿಗದವರನ್ನು ಬಾಗಿಲಲ್ಲಿ ತಡೆಯುವ ಪಾಪದ ಕೆಲಸ ನನಗೆ ಯಾಕೆ? ಅಷ್ಟು ಜೀವದ ಚಿಂತೆ ಇದ್ದರೆ ಸರಕಾರದ ಮದ್ಯದಂಗಡಿ ಬೆವ್ಕೊದ ಕ್ಯೂವಿನಲ್ಲಿ ಈ ನಿಯಮ ಯಾಕೆ ಇರಲಿಲ್ಲ? ಹೈಕೋರ್ಟ್ ಕೇಳಿದ ಮೇಲಲ್ವಾ ಅಲ್ಲಿಗೂ ಅದೇ ನಿಯಮ ಬಂದದ್ದು?

ಇನ್ನು ಸ್ಟಾಕ್. ನಮಗೆ ಮಂಗಳೂರೇ ಗತಿ. ಗಡಿಯ ತಲಪಾಡಿಯಲ್ಲಿ ಎರಡು ಡೋಸ್ ತೋರಿಸಿದರೂ ಬಿಡುವುದಿಲ್ಲ, ಕರ್ನಾಟಕಕ್ಕೆ 72 ಗಂಟೆಯ ನೆಗೆಟಿವ್ ರಿಪೋರ್ಟೇ ಬೇಕು. ಇಲ್ಲಿ ಒಂದು ಡೋಸ್ ಸಾಕು, ಅಲ್ಲಿ ಎರಡೂ ಸಾಲದು. ವೈರಸ್ಸಿಗೆ ಗಡಿ ಗೊತ್ತಿರಬೇಕು ಮಾರಾಯ್ರೆ.

ಕೇಂದ್ರದವರು ಸುಮ್ನೆ ಕೂತಿಲ್ಲ. ಜುಲೈ 2ರಂದು ಚಿಲ್ಲರೆ ವ್ಯಾಪಾರಿಗಳನ್ನೂ ಸಣ್ಣ, ಮಧ್ಯಮ ಉದ್ದಿಮೆಗಳ ಎಂಎಸ್‌ಎಂಇ ಪಟ್ಟಿಗೆ ಸೇರಿಸಿದರು, ಉದ್ಯಮ್ ಪೋರ್ಟಲಿನಲ್ಲಿ ಹೆಸರು ಹಾಕಬಹುದು. ಪ್ರಯೋಜನ? ಬ್ಯಾಂಕಿನಲ್ಲಿ ಆದ್ಯತೆಯ ಸಾಲ, ಅಷ್ಟೇ. ಸಾಲ ಯಾರಿಗೆ ಬೇಕಿತ್ತು? ಹೋದ ವರ್ಷ, 2020ರಲ್ಲಿ, ಆಗಸ್ಟ್ 31ರ ತನಕ ಕಂತು ಕಟ್ಟಬೇಡಿ ಅಂದರು, ಬಡ್ಡಿ ಮಾತ್ರ ರಜೆ ತೆಗೆದುಕೊಳ್ಳಲಿಲ್ಲ. ಹೇಳಿಬಿಡುತ್ತೇನೆ, ಹೆಂಡತಿಯ ಬಳೆ ಈಗಲೂ ಸಹಕಾರಿ ಬ್ಯಾಂಕಿನ ಲಾಕರಿನಲ್ಲಿದೆ, ನಮ್ಮದಲ್ಲ, ಅವರದ್ದೇ ಲಾಕರ್. ಮನೆಯಲ್ಲಿ ಈ ಪೋಸ್ಟ್ ಓದಿದರೆ ನನಗೆ ಇವತ್ತು ಇನ್ನೊಂದು ಆದೇಶ ಬರಬಹುದು.

ಸರ್ಟಿಫಿಕೇಟ್ ನೋಡಲೇಬೇಕಾದರೆ ಒಬ್ಬ ಸಿಬ್ಬಂದಿಯನ್ನು ಬಾಗಿಲಿಗೆ ಕಳಿಸಿ. ಸ್ಟೂಲ್, ಚಹಾ ನನ್ನದು. ಬೈಗುಳ ಅವರು ತಿನ್ನಲಿ.

ಅಂದ ಹಾಗೆ, ಈ ಆಗಸ್ಟ್ 15ನೇ ತಾರೀಕು ಭಾನುವಾರ ಎಂದಿನ ಭಾನುವಾರದ ಲಾಕ್‌ಡೌನ್ ಇಲ್ಲ, ಅಂಗಡಿ ತೆರೆದಿರುತ್ತದೆ. ಓಣಂ ಸೀರೆ ಬಂದಿದೆ. ಬರುವವರು ಮೊಬೈಲ್ ಚಾರ್ಜ್ ಮಾಡಿಕೊಂಡು ಬನ್ನಿ, ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿಕೊಡಲು ನಮ್ಮ ಹುಡುಗನಿಗೆ ಪುರುಸೊತ್ತಿಲ್ಲ.